ಒಳಕಿವಿಯ ತಲೆಸುತ್ತು ತಿಂಗಳಾದರೂ ಬಿಡುತ್ತಿಲ್ಲವೇ? ಮತ್ತೆ ನೆಟ್ಟಗೆ ನಡೆಯುವುದು ಹೀಗೆ

ಬೆಳಿಗ್ಗೆ ಎದ್ದರೆ ಮನೆಯೆಲ್ಲ ಗಿರಗಿರ ಅಂತ ತಿರುಗುತ್ತದೆ. ವಾಂತಿ ನಿಲ್ಲುವುದಿಲ್ಲ. ಗೋಡೆ ಹಿಡಿಯದೆ ಬಾತ್‌ರೂಮಿಗೂ ಹೋಗಲು ಆಗುವುದಿಲ್ಲ. ಕೆಲವು ದಿನಕ್ಕೆ ಆ ಜೋರು ಸುತ್ತು ಇಳಿಯುತ್ತದೆ, ಸದ್ಯ ಬಚಾವಾದೆ ಅಂದುಕೊಳ್ಳುತ್ತೀರಿ. ಆದರೆ ತಿಂಗಳು ಕಳೆದರೂ ನಡೆಯುವಾಗ ಒಂದು ಕಡೆಗೆ ವಾಲಿದ ಹಾಗೆ, ತಲೆ ತಿರುಗಿಸಿದರೆ ಕಣ್ಣೆದುರಿನದೆಲ್ಲ ಜಾರಿದ ಹಾಗೆ ಆಗುತ್ತಲೇ ಇರುತ್ತದೆ. ಸ್ಕ್ಯಾನಿಂಗ್ ಮಾಡಿಸಿದರೆ ಎಲ್ಲ ನಾರ್ಮಲ್. ಒಬ್ಬರು ಪಿತ್ತ ಅಂತಾರೆ, ಇನ್ನೊಬ್ಬರು ಲೋ ಬಿಪಿ ಅಂತಾರೆ, ಮತ್ಯಾರೋ ಕುತ್ತಿಗೆಗೆ ಕಾಲರ್ ಹಾಕ್ಕೊಳ್ಳಿ ಅಂತಾರೆ.

ಹೀಗೆ ಆಗುವುದಕ್ಕೆ ಒಂದು ಮುಖ್ಯ ಕಾರಣ ವೆಸ್ಟಿಬುಲರ್ ನ್ಯೂರೈಟಿಸ್. ಒಳಕಿವಿಯಿಂದ ಮಿದುಳಿಗೆ ಸಮತೋಲನದ ಸುದ್ದಿ ಒಯ್ಯುವ ನರಕ್ಕೆ ಊತ ಬರುವುದು, ಹೆಚ್ಚಾಗಿ ವೈರಸ್‌ನಿಂದ. ಇದರಿಂದ ಹೊರಗೆ ಬರಲು ದಾರಿ ಇದೆ, ಅದನ್ನು ಮನೆಯಲ್ಲೇ ಮಾಡಬಹುದು. ಆದರೆ ಮೊದಲು ಕಾಯಿಲೆ ಇದೇನಾ ಅಂತ ಗೊತ್ತಾಗಬೇಕು.

ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಅರೆನಿಮಿಷ ತಿರುಗಿ ನಿಂತುಬಿಟ್ಟರೆ ಅದು ಬಿಪಿಪಿವಿ ಇರಬಹುದು, ಅಂದರೆ ಕಿವಿಯೊಳಗಿನ ಪುಟ್ಟ ಹರಳುಗಳು ಜಾಗ ಬಿಟ್ಟು ಕದಲಿರುವುದು; ಅದನ್ನು ಎಪ್ಲಿ ಅನ್ನುವ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ತಿರುಗಿಸಿ ಸರಿಪಡಿಸುತ್ತಾರೆ. ಗಂಟೆಗಟ್ಟಲೆ ಸುತ್ತು ಬಂದು ಹೋಗುತ್ತಿದ್ದು, ಜೊತೆಗೆ ಕಿವಿ ಮಂದವಾಗಿ ಗುಂಯ್ ಅನ್ನುತ್ತಿದ್ದರೆ ಮೆನಿಯರ್ ಕಾಯಿಲೆ ಇರಬಹುದು, ಅದರ ಚಿಕಿತ್ಸೆ ಬೇರೆ. ಇನ್ನು ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಅಥವಾ ಕೈಕಾಲು ಒಂದು ಕಡೆ ಸೋತರೆ, ನಿಲ್ಲಲಿಕ್ಕೇ ಆಗದಿದ್ದರೆ, ಹಿಂದೆಂದೂ ಬರದಂಥ ತಲೆನೋವು ಬಂದರೆ ಒಂದು ಕ್ಷಣವೂ ಕಾಯಬೇಡಿ. ಅದು ಸ್ಟ್ರೋಕ್ ಇರಬಹುದು, ದೊಡ್ಡಾಸ್ಪತ್ರೆಗೆ ಓಡಿ. ಒಂದು ಕಿವಿ ದಿಢೀರ್ ಕೇಳಿಸದಂತಾದರೂ ಅಷ್ಟೇ, ಅವತ್ತೇ ತೋರಿಸಿ.

ಈಗ ಒಳಗೆ ಏನಾಗಿದೆ ಅಂತ ನೋಡೋಣ, ಇದು ತಿಳಿದರೆ ವ್ಯಾಯಾಮ ಯಾಕೆ ಅಂತ ಯಾರೂ ಕೇಳುವುದಿಲ್ಲ. ಪ್ರತಿ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ನಾವು ಸುಮ್ನೆ ಕೂತಿದ್ದಾಗಲೂ ಎರಡೂ ಕಿವಿಯಿಂದ ಒಂದೇ ಸಮನೆ ಸುದ್ದಿ ಹೋಗುತ್ತಿರುತ್ತದೆ, ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಒಂದು ಕಡೆಯ ನರ ಸೋತಾಗ ತೂಕ ತಪ್ಪುತ್ತದೆ, ತಲೆ ತಿರುಗುತ್ತಿದೆ ಅಂತ ಮಿದುಳು ನಂಬುತ್ತದೆ. ನರ ಪೂರ್ತಿ ಚೇತರಿಸಿಕೊಳ್ಳದಿದ್ದರೂ ಮಿದುಳು ಹೊಸ ಲೆಕ್ಕ ಕಲಿಯಬಲ್ಲದು. ಆದರೆ ತಲೆ ಅಲ್ಲಾಡಿ, ಕಂಡದ್ದಕ್ಕೂ ಕಿವಿ ಹೇಳಿದ್ದಕ್ಕೂ ತಾಳೆಯಾಗದಿದ್ದಾಗ ಮಾತ್ರ ಅದು ತಿದ್ದಿಕೊಳ್ಳುತ್ತದೆ. ಮಲಗೇ ಇದ್ದರೆ ತಿದ್ದಲು ಏನೂ ಸಿಗುವುದಿಲ್ಲ.

ಅದಕ್ಕೇ "ಅಮ್ಮಾ, ನೀನು ಏಳ್ಬೇಡ, ಎಲ್ಲ ನಾನೇ ತಂದ್ಕೊಡ್ತೀನಿ" ಅನ್ನುವ ಪ್ರೀತಿ ಮೊದಲ ಎರಡು ಮೂರು ದಿನಕ್ಕೆ ಸಾಕು. ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ಥರದ, ತಲೆಸುತ್ತು ತಗ್ಗಿಸುವ ಮಾತ್ರೆಗಳೂ ಅಷ್ಟೇ. ಆ ಆರಂಭದ ದಿನಗಳಲ್ಲಿ ಅವು ದೊಡ್ಡ ನೆಮ್ಮದಿ, ತಿಂಗಳುಗಟ್ಟಲೆ ನುಂಗುತ್ತಿದ್ದರೆ ಮಿದುಳಿನ ಕಲಿಕೆಗೇ ಅಡ್ಡ. ಹಾಗಂತ ನೀವೇ ನಿಲ್ಲಿಸಬೇಡಿ, ಯಾವಾಗ ಬಿಡಬಹುದು ಅಂತ ವೈದ್ಯರನ್ನು ಬಾಯಿಬಿಟ್ಟು ಕೇಳಿ.

ಈಗ ಮುಖ್ಯ ವ್ಯಾಯಾಮ. ಗೋಡೆಯ ಕ್ಯಾಲೆಂಡರನ್ನು ಕಣ್ಣಿನ ಮಟ್ಟಕ್ಕೆ ನೇತುಹಾಕಿ, ಮೂರಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ಒಂದು ತಾರೀಖು ಆರಿಸಿ, 17 ಅಂತಿಟ್ಟುಕೊಳ್ಳಿ. ಕಣ್ಣು ಆ 17ರ ಮೇಲೇ ಇರಲಿ, ತಲೆ ಮಾತ್ರ ಬೇಡ ಬೇಡ ಅನ್ನುವ ಹಾಗೆ ಎಡಕ್ಕೆ ಬಲಕ್ಕೆ ಸ್ವಲ್ಪವೇ ಆಡಲಿ. ಅಂಕಿ ಸ್ಪಷ್ಟವಾಗಿ ಕಾಣುತ್ತಿರುವಷ್ಟು ವೇಗ ಸಾಕು. ಏಳರ ಬಾಲ ಮಸುಕಾಗಿ ಕುಣಿಯತೊಡಗಿದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ, ಸ್ವಲ್ಪ ನಿಧಾನ ಮಾಡಿ. ಮೊದಮೊದಲು 15, 20 ಸೆಕೆಂಡಿಗೇ ಹೊಟ್ಟೆ ತೊಳಸುತ್ತದೆ. ಪರವಾಗಿಲ್ಲ, ಅಷ್ಟಕ್ಕೇ ನಿಲ್ಲಿಸಿ, ಕಣ್ಣು ತಿಳಿಯಾಗುವವರೆಗೆ ಕಾದು, ಮತ್ತೆ ಮಾಡಿ. ಮೆಲ್ಲಗೆ ಒಂದು ನಿಮಿಷಕ್ಕೆ ಏರಿಸಿ. ಆಮೇಲೆ ಹೌದು ಹೌದು ಅನ್ನುವ ಹಾಗೆ ಮೇಲೆ ಕೆಳಗೆ. ಇದನ್ನು ಒಂದೇ ಸಲ ಮಾಡಿ ಮುಗಿಸುವಂತಿಲ್ಲ, ದಿನಕ್ಕೆ ಮೂರ್ನಾಲ್ಕು ಸಲ ಹಂಚಿಕೊಂಡು ಮಾಡಬೇಕು. ತಿಂಗಳುಗಳಿಂದ ನರಳುತ್ತಿರುವವರು ದಿನಕ್ಕೆ ಒಟ್ಟು 20 ನಿಮಿಷ, ಕಡಿಮೆಯೆಂದರೂ 4ರಿಂದ 6 ವಾರ ಮಾಡಬೇಕು ಅಂತ ಫಿಸಿಯೋಥೆರಪಿಯ ಮಾರ್ಗಸೂಚಿ ಹೇಳುತ್ತದೆ. ಸುಲಭ ಅನ್ನಿಸತೊಡಗಿದಾಗ ನಿಂತು ಮಾಡಿ, ನಂತರ ಚೌಕಳಿ ಬೆಡ್‌ಶೀಟಿನ ಮೇಲೆ ಒಂದು ಅಕ್ಷರ ಅಂಟಿಸಿ ಅದನ್ನು ನೋಡುತ್ತಾ ಮಾಡಿ. ಹಿಂದೆ ಗೆರೆಗಳ ಗಲಾಟೆ ಇದ್ದಷ್ಟೂ ಕಷ್ಟ, ಕಷ್ಟವಾದಷ್ಟೂ ಕಲಿಕೆ.

ಎಷ್ಟು ಸುತ್ತು ಬಂದರೆ ಸರಿ? ಸ್ವಲ್ಪ ಬರಲೇಬೇಕು. ಕಾಲು ಗಂಟೆ, 20 ನಿಮಿಷದೊಳಗೆ ಅದು ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ. ಸಂಜೆಯವರೆಗೂ ಉಳಿದರೆ ಮರುದಿನ ಅರ್ಧಕ್ಕೆ ಇಳಿಸಿ, ಆದರೆ ಬಿಡಬೇಡಿ.

ಮುಂದಿನದು ನಿಲ್ಲುವ ಅಭ್ಯಾಸ. ಕೋಣೆಯ ಮೂಲೆಗೆ ಬೆನ್ನು ಮಾಡಿ, ಎದುರಿಗೊಂದು ಕುರ್ಚಿ ಇಟ್ಟುಕೊಂಡು, ಪಾದ ಜೋಡಿಸಿ ಅರ್ಧ ನಿಮಿಷ ನಿಲ್ಲಿ. ಆಮೇಲೆ ಕಣ್ಣು ಮುಚ್ಚಿ. ಅದೂ ಬಂದ ಮೇಲೆ ಮಡಿಸಿದ ಹತ್ತಿಯ ಹಾಸಿಗೆ ಮೇಲೆ. ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಕಿವಿ ಕೈಕೊಟ್ಟವರು ಕಣ್ಣನ್ನೂ ಪಾದವನ್ನೂ ನಂಬಿಕೊಂಡು ಓಡಾಡುತ್ತಿರುತ್ತಾರೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ, ರಾತ್ರಿ ಕರೆಂಟು ಹೋದಾಗ ತೂರಾಡುವುದು ಅದಕ್ಕೇ. ಆ ಆಸರೆ ತೆಗೆದಾಗ ಮಿದುಳು ಕಿವಿಯ ಮಾತನ್ನು ಕೇಳಲೇಬೇಕಾಗುತ್ತದೆ.

ಆಮೇಲೆ ನಡಿಗೆ. ವರಾಂಡದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾ ನಡೆಯಿರಿ, ನಂತರ ಬೀದಿಯಲ್ಲಿ, ಆಮೇಲೆ ಸಂತೆಯಲ್ಲಿ. ಸೂಪರ್ ಮಾರ್ಕೆಟ್ಟಿನ ಉದ್ದುದ್ದ ಕಪಾಟುಗಳ ನಡುವೆ ಹೋಗುವುದನ್ನು ಕೊನೆಗೆ ಇಟ್ಟುಕೊಳ್ಳಿ, ಇಂಥವರಿಗೆ ಅದರಷ್ಟು ಹಿಂಸೆ ಇನ್ನೊಂದಿಲ್ಲ. ಇದೆಲ್ಲ ಹೊಸದಾಗಿ ಬಂದಿದ್ದೇನಲ್ಲ. 1940ರ ದಶಕದಲ್ಲೇ ಬ್ರಿಟನ್ನಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ಇಬ್ಬರು ವೈದ್ಯರು ತಲೆಸುತ್ತಿನ ರೋಗಿಗಳಿಗಾಗಿ ಇಂಥ ವ್ಯಾಯಾಮ ರೂಪಿಸಿದ್ದರು. ಕಣ್ಣಿನಿಂದ ಶುರುವಾಗಿ ತಲೆ, ಭುಜ, ಆಮೇಲೆ ನಡಿಗೆ, ಚೆಂಡಾಟದವರೆಗೂ ಹೋಗುತ್ತಿದ್ದ ವ್ಯಾಯಾಮಗಳವು.

ಭಯದ ಬಗ್ಗೆ ಹೇಳಲೇಬೇಕು. ಮತ್ತೆ ಬಂದುಬಿಟ್ಟರೆ ಅನ್ನುವ ಹೆದರಿಕೆಯಲ್ಲಿ ಕುತ್ತಿಗೆ ಬಿಗಿಹಿಡಿದು, ನೆಲ ನೋಡುತ್ತಾ ನಡೆಯುವುದು ರೂಢಿಯಾಗುತ್ತದೆ. ಕಿವಿ ಸುಧಾರಿಸಿದರೂ ತೇಲಿದ ಹಾಗೆ ಅನ್ನಿಸುವುದು ಮೂರು ತಿಂಗಳು ದಾಟಿ, ಹೆಚ್ಚುಕಡಿಮೆ ದಿನಾ ಕಾಡುತ್ತಿದ್ದರೆ ಅದಕ್ಕೆ ಪಿಪಿಪಿಡಿ ಎಂಬ ಹೆಸರಿದೆ, ಚಿಕಿತ್ಸೆಯೂ ಇದೆ: ಇದೇ ವ್ಯಾಯಾಮ, ಆಪ್ತಸಮಾಲೋಚನೆ, ಕೆಲವರಿಗೆ ಮಾತ್ರೆ. ಇದು ನಾಟಕ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ದಯವಿಟ್ಟು ಮನೆಯವರು ಹಾಗೆ ಅನ್ನಬೇಡಿ.

ಸಮತೋಲನದ ವ್ಯಾಯಾಮ ಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರ ಕಣ್ಣೆದುರು ಶುರು ಮಾಡಿದರೆ ಒಳ್ಳೆಯದು, ಕುತ್ತಿಗೆ ನೋವಿರುವವರಂತೂ ಖಂಡಿತ. ಸುಧಾರಿಸಿದ ಮೇಲೂ ಜ್ವರ ಬಂದಾಗ, ನಿದ್ದೆಗೆಟ್ಟಾಗ ಒಂದೆರಡು ದಿನ ಹಳೆಯ ತೂರಾಟ ಮರಳಬಹುದು. ಕ್ಯಾಲೆಂಡರ್ ಮುಂದೆ ಮತ್ತೆ ಕೂತರೆ ಸಾಮಾನ್ಯವಾಗಿ ಹೋಗುತ್ತದೆ. ಸ್ಕೂಟರ್ ಯಾವಾಗ ಓಡಿಸಬಹುದು ಅಂತ ತುಂಬ ಜನ ಕೇಳುತ್ತಾರೆ. ನಡೆಯುತ್ತಾ ನಡೆಯುತ್ತಾ ಥಟ್ಟನೆ ಭುಜದ ಮೇಲಿಂದ ಹಿಂದೆ ನೋಡಿ. ಹೆಜ್ಜೆ ತಪ್ಪಿದರೆ, ನೋಟ ಜಾರಿದರೆ ಕೀಲಿ ಇನ್ನೂ ಮುಟ್ಟಬೇಡಿ. ಎರಡೂ ಆಗದಿದ್ದರೆ ವೈದ್ಯರ ಒಪ್ಪಿಗೆ ಕೇಳಿ, ಮೊದಲು ಹಗಲಲ್ಲಿ, ಖಾಲಿ ರಸ್ತೆಯಲ್ಲಿ ಹೊರಡಿ.