ಆಟದ ಸಾಮಾನಲ್ಲಿ ಸೀಸ ಇದ್ಯಾ? ಅಂಗಡೀಲೇ ಚೆಕ್ ಮಾಡೋದು ಹೀಗೆ

ಮಕ್ಕಳ ಕೈಗೆ ಏನ್ ಸಿಕ್ಕಿದ್ರೂ ಸೀದಾ ಬಾಯಿಗೇ ಹೋಗುತ್ತೆ, ಗೊತ್ತಲ್ಲ. ಹಳದಿ, ಕಿತ್ತಳೆ ಬಣ್ಣ ಎದ್ದು ಕಾಣ್ಲಿ ಅಂತ ಸೀಸ ಬೆರೆತ ಪೇಂಟ್ ಬಳಿದಿದ್ರೆ ಅದೂ ಹೊಟ್ಟೆಗೇ ಹೋಗುತ್ತೆ, ದೊಡ್ಡೋರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಮಕ್ಕಳ ಮೈ ಹೀರ್ಕೊಳ್ಳುತ್ತೆ, ಏಟು ಬೀಳೋದು ಮಿದುಳಿಗೆ. ಕಣ್ಣಿಗಂತೂ ಏನೂ ಗೊತ್ತಾಗಲ್ಲ, ಹಾಗಾಗಿ ನೋಡ್ಬೇಕಿರೋದು ನಂಬರ್.

ಮೊದಲು ಡಬ್ಬ ತಿರುಗಿಸಿ ಐಎಸ್‌ಐ ಮಾರ್ಕ್ ಹುಡುಕಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಇದು ಕಡ್ಡಾಯ, ಹೊರದೇಶದಿಂದ ಬಂದಿದ್ದಕ್ಕೂ. ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್ ಎಲ್ಲ ಸೇರಿ ಎಂಟು ಧಾತು ಎಷ್ಟು ಬಿಟ್ಕೊಳ್ಳುತ್ತೆ ಅಂತ ಟೆಸ್ಟ್ ಆಗ್ಬೇಕು.

ಆದ್ರೆ ಮಾರ್ಕ್ ಕಂಡ ತಕ್ಷಣ ದುಡ್ಡು ಕೊಡ್ಬೇಡಿ, ಅದನ್ನ ಯಾವ ಪ್ರೆಸ್ಸಲ್ಲಾದ್ರೂ ಅಚ್ಚು ಹಾಕಿಸ್ಬಹುದು. ಮಾರ್ಕ್ ಮೇಲ್ಗಡೆ ಐಎಸ್ 9873 ಅಂತಿರ್ಬೇಕು, ಬ್ಯಾಟರೀದಾದ್ರೆ ಐಎಸ್ 15644. ಕೆಳಗೆ ಸಿಎಂ/ಎಲ್ ಅಂತ ಇದ್ದು ಪಕ್ಕದಲ್ಲಿ ಲೈಸೆನ್ಸ್ ನಂಬರ್ ಇರುತ್ತೆ, ಅದನ್ನ ಈ ಮಾರ್ಕ್ ಕೊಡೋ ಸರ್ಕಾರಿ ಸಂಸ್ಥೆ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪ್‌ಗೆ ಹಾಕಿ ನೋಡಿ, ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಇನ್ನೂ ಚಾಲ್ತೀಲಿದ್ಯಾ ಎಲ್ಲ ಬರುತ್ತೆ. ಡಬ್ಬದ ಮೇಲೆ ಒಂದು ಹೆಸರು, ಆ್ಯಪಲ್ಲಿ ಇನ್ನೊಂದು ಬಂದ್ರೆ ಅಲ್ಲೇ ಇಟ್ಟು ಬನ್ನಿ.

ಚನ್ನಪಟ್ಟಣದ ಗೊಂಬೇಲಿ ಐಎಸ್‌ಐ ಇಲ್ವಲ್ಲ ಅಂತ ಗಾಬರಿ ಆಗ್ಬೇಡಿ. ಜಿಐ ಟ್ಯಾಗ್ (ಇದು ಇಂಥ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಇರೋ ಆಟಿಕೆನ ಅದಕ್ಕೆ ನೋಂದಣಿ ಆಗಿರೋರು ಮಾಡಿ ಮಾರಿದ್ರೆ ವಿನಾಯಿತಿ ಇದೆ, ಅಸಲಿ ಗೊಂಬೆಗೆ ಹಾಕೋದೂ ಅರಗಿನ ಬಣ್ಣ. ತೊಂದರೆ ಏನಂದ್ರೆ ಅದೇ ಹೆಸರು ಹೇಳ್ಕೊಂಡು ಪೇಂಟ್ ಬಳಿದ ಮರದ ಸಾಮಾನನ್ನೂ ಮಾರ್ತಾರೆ, ಅದಕ್ಕೆ ಅರಗಿಂದಾ ಪೇಂಟಾ ಅಂತ ನಾಚ್ಕೊಳ್ದೆ ಕೇಳಿ, ಮಾಡೋರಿಗೆ ಉತ್ತರ ಬಾಯಲ್ಲೇ ಇರುತ್ತೆ.

ನಕಲಿ ಸಿಕ್ರೆ ಬಿಲ್ಲು, ಫೋಟೋ ಇಟ್ಕೊಂಡು ಅದೇ ಆ್ಯಪಲ್ಲಿ ಕಂಪ್ಲೇಂಟ್ ಹಾಕಿ, ಇಲ್ಲಾಂದ್ರೆ ಗ್ರಾಹಕರ ಸಹಾಯವಾಣಿ 1915. ಬಿಐಎಸ್ ಕಾಯ್ದೆ ಪ್ರಕಾರ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ 2 ಲಕ್ಷ ದಂಡ, ಎರಡೂ ಆಗ್ಬಹುದು. ಬಿಲ್ಲೇ ಕೊಡದ ಫುಟ್‌ಪಾತ್ ಮಾಲಿಗೆ ಇದ್ಯಾವ್ದೂ ಅಷ್ಟು ಉಪಯೋಗಕ್ಕೆ ಬರಲ್ಲ ಅನ್ನೋದೂ ನಿಜಾನೇ.

ಕೊನೇದಾಗಿ ಮನೇಲಿರೋ ಹಳೇ ಸಾಮಾನು. ಬಣ್ಣ ಚಕ್ಕೆ ಏಳ್ತಿದ್ರೆ ಮಗು ಕೈಯಿಂದ ತೆಗೆದುಬಿಡಿ, ಉಜ್ಜಿ ಬೇರೆ ಬಣ್ಣ ಹಚ್ಚೋಣ ಅಂತ ಕೂರ್ಬೇಡಿ, ಆ ಧೂಳು ಇನ್ನೂ ಕೆಟ್ಟದ್ದು. ಗೋಡೆಗೂ ಅಷ್ಟೇ: ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರ್ದು ಅನ್ನೋ ರೂಲ್ ಜಾರಿಗೆ ಬಂದಿದ್ದು 2017ರ ನವೆಂಬರಲ್ಲಿ, ಅದಕ್ಕಿಂತ ಹಳೇ ಬಣ್ಣ ಕೆರೆಸೋವಾಗ ಮಕ್ಕಳನ್ನ ಅಜ್ಜಿ ಮನೆಗೆ ಕಳಿಸಿ.