ಶಿ ತ್ಸು ನಾಯಿ ತರುವ ಮುಂಚೆ ಬಾಚಣಿಗೆ ತನ್ನಿ

ಪಾರ್ಕಿನಲ್ಲಿ ನಮ್ಮ ಶಿ ತ್ಸು ಗುಂಡನನ್ನ ನೋಡಿ "ಎಷ್ಟು ಮುದ್ದಾಗಿದೆ, ನಮಗೂ ಒಂದು ಬೇಕು" ಅಂದವರಿಗೆಲ್ಲ ನಾನು ಕೇಳುವುದು ಒಂದೇ. ದಿನಾ 15 ನಿಮಿಷ ನೆಲದ ಮೇಲೆ ಕೂತು ಬಾಚೋಕೆ ಆಗುತ್ತಾ? ಆಗಲ್ಲ ಅಂದರೆ ಬೇರೆ ನಾಯಿ ನೋಡಿ. ಶಿ ತ್ಸು ಟಿಬೆಟ್ ಮೂಲದ್ದು, ಚೀನಾದ ಅರಮನೆಯಲ್ಲಿ ಬೆಳೆದದ್ದು. ಬೇಟೆಗಲ್ಲ, ಕಾವಲಿಗಲ್ಲ, ಮಡಿಲಲ್ಲಿ ಕೂರುವುದಕ್ಕೇ ಸಾಕಿದ ನಾಯಿ. ದೊಡ್ಡದಾದ ಮೇಲೂ ತೂಕ 4ರಿಂದ 7 ಕೆಜಿ ಅಷ್ಟೇ. ಫ್ಲಾಟಿಗೆ ಹೇಳಿ ಮಾಡಿಸಿದ ಹಾಗಿದೆ, ನಿಜ. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಮನೆಗೆ ಬೀಗ ಹಾಕುವವರಿಗೆ ಇದು ಬೇಡ, ಒಂಟಿತನ ಇದಕ್ಕೆ ಆಗಿಬರಲ್ಲ.

ಕೂದಲು ಉದುರಲ್ಲ ಅಂತ ಮಾರುವವರು ಹೇಳುತ್ತಾರೆ. ಉದುರುತ್ತದೆ, ನೆಲಕ್ಕೆ ಬೀಳಲ್ಲ ಅಷ್ಟೇ. ಮೈಯಲ್ಲೇ ಸಿಕ್ಕಿಕೊಂಡು ಗಂಟಾಗುತ್ತದೆ. ಅದಕ್ಕೇ ಮೇಲೆ ಮೇಲೆ ಬ್ರಷ್ ಆಡಿಸಿದರೆ ಸಾಲದು, ಒಂದೊಂದೇ ಪದರ ಎತ್ತಿ ಚರ್ಮದವರೆಗೂ ಸ್ಟೀಲ್ ಬಾಚಣಿಗೆ ಇಳಿಯಬೇಕು. ಕಿವಿ ಹಿಂದೆ, ಕಂಕುಳು, ತೊಡೆಸಂದು, ಬೆಲ್ಟ್ ಉಜ್ಜುವ ಜಾಗ, ಗಂಟು ಕಟ್ಟುವುದು ಇಲ್ಲೇ ಜಾಸ್ತಿ. ಗಂಟಿಗೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲೇ ಬಿಡಿಸಿ, ಎಳೆಯಬೇಡಿ. ಬಾಚದೆ ಸ್ನಾನ ಮಾಡಿಸಿದರೆ ಗಂಟು ಇನ್ನೂ ಬಿಗಿಯುತ್ತದೆ. ನಾನು ಮೊದಲ ಮಳೆಗಾಲದಲ್ಲಿ ಇದೇ ತಪ್ಪು ಮಾಡಿ, ಕೊನೆಗೆ ಪೂರ್ತಿ ಬೋಳಿಸಿ, ಪಾಪ, ಅದು ಒಂದು ವಾರ ಸೋಫಾ ಕೆಳಗಿಂದ ಆಚೆ ಬರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಮರಿಕೂದಲು ಹೋಗಿ ಹೊಸದು ಬರುವಾಗ ಕಾಟ ಜಾಸ್ತಿ. ಉದ್ದ ಕೂದಲಿನ ಆಸೆ ಬಿಟ್ಟು ಒಂದಿಂಚಿಗೆ ಕತ್ತರಿಸಿಬಿಡಿ, ನಿಮಗೂ ಅದಕ್ಕೂ ಸುಖ. ಸ್ನಾನ ಎರಡು ಮೂರು ವಾರಕ್ಕೊಮ್ಮೆ ಸಾಕು, ನಾಯಿ ಶಾಂಪೂನಲ್ಲೇ. ಆಮೇಲೆ ಬುಡದವರೆಗೂ ಒಣಗಿಸಿ. ಮಲೆನಾಡು, ಕರಾವಳಿಯವರು ಇದನ್ನ ಮರೆತರೆ ಮಳೆಗಾಲದಲ್ಲಿ ಚರ್ಮಕ್ಕೆ ಫಂಗಸ್ ಬರುವುದು ಸುಲಭ.

ಬಾಚುವುದು ಬರೀ ಅಂದಕ್ಕಲ್ಲ. ರಕ್ತ ಹೀರುವ ಉಣ್ಣಿ ಹುಳ ಕೈಗೆ ಸಿಗುವುದು ಆಗಲೇ. ಬೆರಳ ಸಂದಿ, ಕಿವಿ ಒಳಗೆ ನೋಡಿ. ಉಣ್ಣಿ ಕಚ್ಚಿ ಜ್ವರ ಬಂದರೆ ನಾಯಿ ಊಟ ಬಿಡುತ್ತದೆ, ಮಂಕಾಗುತ್ತದೆ, ವಸಡು ಬಿಳಚುತ್ತದೆ, ಕೆಲವಕ್ಕೆ ಮೂಗಲ್ಲಿ ರಕ್ತ ಬರುತ್ತದೆ. ನಾಳೆ ನೋಡೋಣ ಅನ್ನದೆ ರಕ್ತ ಪರೀಕ್ಷೆ ಮಾಡಿಸಿ. ಕಿವಿ ವಾಸನೆ ಬಂದರೂ ಡಾಕ್ಟರಿಗೆ ತೋರಿಸಿ.

ಕಣ್ಣಂತೂ ಉಬ್ಬಿದ ಕಣ್ಣು, ಮೂಗಿನ ಮೇಲಿನ ಕೂದಲು ನೇರ ಅದಕ್ಕೇ ಚುಚ್ಚುತ್ತದೆ. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ದಿನಾ ಒರೆಸಿ. ಒಂದು ಕಣ್ಣು ಮುಚ್ಚಿಕೊಂಡೇ ಇದ್ದರೆ, ಕಾಲಲ್ಲಿ ಉಜ್ಜಿಕೊಳ್ಳುತ್ತಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮನೆಯಲ್ಲಿ ಉಳಿದ ಯಾವುದೋ ಡ್ರಾಪ್ಸ್ ಹಾಕಬೇಡಿ, ಅದರಲ್ಲಿ ಸ್ಟೆರಾಯ್ಡ್ ಇದ್ದು ಕಣ್ಣಲ್ಲಿ ಹುಣ್ಣಾಗಿದ್ದರೆ ಕಣ್ಣೇ ಹೋಗಬಹುದು.

ಇನ್ನು ಬಿಸಿಲು. ಚಪ್ಪಟೆ ಮೂತಿ, ಉಸಿರಾಟದ ದಾರಿ ಇಕ್ಕಟ್ಟು, ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳೋಕೆ ಇದಕ್ಕೆ ಕಷ್ಟ. ಬೇಸಿಗೆಯಲ್ಲಿ ಬೆಳಗ್ಗೆ 7ರ ಒಳಗೆ, ಮತ್ತೆ ಕತ್ತಲಾದ ಮೇಲೆ ಮಾತ್ರ ವಾಕಿಂಗ್. ಬಳ್ಳಾರಿ, ಕಲಬುರಗಿ ಕಡೆಯವರು ಮಧ್ಯಾಹ್ನ ಕೂಲರ್ ಹಾಕಲೇಬೇಕು. ಡಾಂಬರಿನ ಮೇಲೆ ನಿಮ್ಮ ಅಂಗೈ ಐದು ಸೆಕೆಂಡ್ ಇಡೋಕೆ ಆಗದಿದ್ದರೆ ಅದರ ಪಾದವೂ ಸುಡುತ್ತದೆ ಅಲ್ವಾ? ಕುತ್ತಿಗೆ ಪಟ್ಟಿ ಬಿಟ್ಟು ಎದೆಗೆ ಹಾಕುವ ಬೆಲ್ಟ್ ಬಳಸಿ. ಜೋರಾಗಿ ಏದುಸಿರು, ಅಂಟು ಜೊಲ್ಲು, ತೂರಾಟ ಕಂಡರೆ ಮೈಮೇಲೆ ತಣ್ಣೀರು ಸುರಿದು, ಫ್ಯಾನ್ ಹಾಕಿ, ಡಾಕ್ಟರ್ ಹತ್ತಿರ ಓಡಿ. ನಿಲ್ಲಿಸಿದ ಕಾರಲ್ಲಿ ಎರಡು ನಿಮಿಷವೂ ಬಿಡಬೇಡಿ.

ಊಟದ ವಿಷಯದಲ್ಲಿ ದೊಡ್ಡ ಅಪಾಯ ನಮ್ಮ ಪ್ರೀತಿಯೇ. ಅಮ್ಮ ಒಂದು ಹಬ್ಬಕ್ಕೆ ಗುಂಡನಿಗೆ ಕೇಸರಿಬಾತ್ ತಿನ್ನಿಸಿದ್ದರು, ದ್ರಾಕ್ಷಿ ಸಮೇತ. ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ ಅಂತ ಅವರಿಗೆ ಎಲ್ಲಿಂದ ಗೊತ್ತಿರಬೇಕು? ಕೂಡಲೇ ಡಾಕ್ಟರ್ ಹತ್ತಿರ ಹೋಗಿ ವಾಂತಿ ಮಾಡಿಸಿದ್ದರಿಂದ ಉಳಿಯಿತು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಹುಳಿ, ಚಾಕಲೇಟ್ ಕೂಡ ಬೇಡ. ಸಪ್ಪೆ ಅನ್ನ, ಬೇಯಿಸಿದ ಕೋಳಿ (ಮೂಳೆ ತೆಗೆದು), ಮೊಟ್ಟೆ, ಸ್ವಲ್ಪ ಮೊಸರು ಕೊಡಬಹುದು, ಆದರೆ ಬರೀ ಮೊಸರನ್ನದಲ್ಲೇ ಬೆಳೆಸಬೇಡಿ. ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು. ಸಿಗದಿದ್ದರೆ ದಪ್ಪ ಆಗಿದೆ ಅಂತ.

ಮರಿಯನ್ನ 8 ವಾರ ತುಂಬುವ ಮುಂಚೆ ತರಬೇಡಿ, ತಾಯಿಯನ್ನ ನೋಡಿಯೇ ತನ್ನಿ. ಲಸಿಕೆ ಚೀಟಿ ಜೋಪಾನ, ರೇಬೀಸ್ ಲಸಿಕೆ ತಪ್ಪಿಸಬೇಡಿ. ಹಲ್ಲು ಬೇಗ ಕೆಡುತ್ತದೆ, ನಾಯಿ ಪೇಸ್ಟಲ್ಲೇ ಉಜ್ಜಿ, ನಮ್ಮದು ಬೇಡ. ಉಗುರಿಗೆ ಕ್ಯಾಲೆಂಡರ್ ಏನೂ ಬೇಕಾಗಿಲ್ಲ, ಟೈಲ್ಸ್ ಮೇಲೆ ನಡೆಯುವಾಗ ಟಕ್ ಟಕ್ ಸದ್ದು ಬಂತು ಅಂದರೆ ಕತ್ತರಿಸಿ.