ಹಳೆಯ ಹಾಯಿದೋಣಿಗೆ ಹೊಸ ಹೆಸರು ಹುಡುಕಿದ್ದು

ಸೆಕೆಂಡ್ ಹ್ಯಾಂಡ್ ಹಾಯಿದೋಣಿ ಕೊಂಡರೆ ಅದರ ಜೊತೆ ಒಂದು ಹೆಸರೂ ಬರುತ್ತದೆ. ನನ್ನ ದೋಣಿ ಗೋವಾದಿಂದ ಲಾರಿ ಹತ್ತಿ ಬಾಗಲಕೋಟೆಗೆ ಬಂದಾಗ ಅದರ ಹಿಂಬದಿಯಲ್ಲಿ ಹಿಂದಿನ ಮಾಲೀಕರ ಮಗಳ ಹೆಸರಿತ್ತು. ಚೆಂದದ ಹೆಸರೇ. ಆದರೆ ಆ ಹೆಸರು ಹಿಡಿದು ಕರೆದಾಗೆಲ್ಲ ಬೇರೆಯವರ ಮನೆ ಮಗುವನ್ನು ಕರೆದ ಹಾಗೆ ಆಗುತ್ತಿತ್ತು. ಬದಲಿಸಲೇಬೇಕು ಅನ್ನಿಸಿತು. ಮೊದಲು ಅವರಿಗೇ ಫೋನ್ ಮಾಡಿ ಕೇಳಿದೆ. ದುಡ್ಡು ಕೊಟ್ಟು ಕೊಂಡ ಮೇಲೆ ಕೇಳುವುದೇನಿದೆ ಅಂತ ಕೆಲವರು ಅನ್ನಬಹುದು. ನನ್ನ ಪ್ರಕಾರ ಕೇಳಲೇಬೇಕು. ಅವರು ಖುಷಿಯಿಂದ ಒಪ್ಪಿದರು. ಒಳಗಿದ್ದ ಹಿತ್ತಾಳೆಯ ಹೆಸರುಪಟ್ಟಿ ಮಾತ್ರ ವಾಪಸ್ ಕಳಿಸಿ ಅಂದರು. ಮರುದಿನವೇ ಕೊರಿಯರ್ ಮಾಡಿದೆ.

ದೋಣಿ ಎಂಟರ್‌ಪ್ರೈಸ್ ಮಾದರಿಯದು. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದ, ಇಬ್ಬರು ನಡೆಸುವ ಸಣ್ಣ ದೋಣಿ. ಉದ್ದ 4.04 ಮೀಟರ್. ಹಾಯಿ ನೀಲಿ ಬಣ್ಣದ್ದು. ನಮ್ಮ ದೇಶದಲ್ಲಿ ಎನ್‌ಸಿಸಿಯ ನೌಕಾ ವಿಭಾಗದ ಮಕ್ಕಳು ಹಾಯಿ ಕಲಿಯುವುದೂ ಇದರಲ್ಲೇ. ಆಲಮಟ್ಟಿ ಹಿನ್ನೀರಿಗೆ ಒಪ್ಪುವ ಅಳತೆ.

ಮನೆಯಲ್ಲಿ ಹೆಸರುಗಳ ಸುರಿಮಳೆಯೇ ಆಯಿತು. ಅವ್ವ ಮೊದಲು ಬನಶಂಕರಿ ಅಂದಳು. ನಮ್ಮ ಮನೆದೇವರು. ಆಮೇಲೆ ದೋಣಿಯನ್ನು ಸುತ್ತು ಹಾಕಿ ನೋಡಿ ತಾನೇ ಬೇಡ ಅಂದಳು. "ಹತ್ತೂಮುಂದ ಇಳಿಯೂಮುಂದ ಕಾಲು ತಾಗತಾವ. ದೇವಿ ಹೆಸರ ಬ್ಯಾಡಪಾ." ಅವಳು ಹೇಳಿದ್ದು ನಿಜ. ದೋಣಿ ಮಗುಚಿದರೆ ಅದರ ಮೈ ಮೇಲೆ ಹತ್ತಿ ನಿಂತು, ಅಡಿಯಿಂದ ನೀರಿಗೆ ಇಳಿಬಿಡುವ ಹಲಗೆ, ಅಂದರೆ ಸೆಂಟರ್‌ಬೋರ್ಡ್ ತುಳಿದು ಎತ್ತಬೇಕು. ಆ ಹೊತ್ತಿನಲ್ಲಿ ಕಾಲು ಎಲ್ಲಿ ಬೀಳುತ್ತದೆ ಅಂತ ನೋಡೋಕಾಗಲ್ಲ. ಅಜ್ಜಿಯ ಹೆಸರನ್ನೂ ಇದೇ ಕಾರಣಕ್ಕೆ ಬಿಟ್ಟೆವು.

ಗೆಳೆಯನೊಬ್ಬ ಪುಲಿಕೇಶಿ ಅಂತಿಡು ಅಂದ. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನ ಇದೆಯಲ್ಲ, ಕ್ರಿ.ಶ. 634ರದ್ದು. ಇಮ್ಮಡಿ ಪುಲಿಕೇಶಿ ನೂರಾರು ಹಡಗು ತೆಗೆದುಕೊಂಡು ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ಅಂತ ಅದರಲ್ಲಿದೆ. ಸಮುದ್ರ ಕಾಣದ ನಮ್ಮ ಜಿಲ್ಲೆಗೆ ಅಂಥ ಹಡಗುಪಡೆಯ ನೆನಪಿದೆ ಅನ್ನೋದೇ ನನಗೆ ದೊಡ್ಡ ಹೆಮ್ಮೆ. ಆದರೆ ಇಬ್ಬರ ದೋಣಿಗೆ ಅಷ್ಟು ಭಾರದ ಹೆಸರು ಸರಿಹೋಗುವುದಿಲ್ಲ.

ನದಿಯ ಹೆಸರು ಇಡೋಣ ಅನ್ನೋದು ನನ್ನ ಆಸೆಯಾಗಿತ್ತು. ದಿಲೀಪ್ ದೋಂಡೆ 2009–10ರಲ್ಲಿ ಒಬ್ಬರೇ ಜಗತ್ತು ಸುತ್ತಿದ ನೌಕಾಪಡೆಯ ಹಾಯಿನೌಕೆಯ ಹೆಸರು ಮ್ಹಾದೆಯಿ. ನಮ್ಮ ಖಾನಾಪುರ ತಾಲೂಕಿನ ಕಾಡಲ್ಲಿ ಹುಟ್ಟುವ ಮಹದಾಯಿಯೇ ಅದು. ಆ ಹೆಸರು ಕೇಳಿದಾಗಲೆಲ್ಲ ಮನಸ್ಸು ತುಂಬುತ್ತದೆ. ನಮ್ಮ ಹಿನ್ನೀರಲ್ಲಿರುವುದು ಕೃಷ್ಣೆ ಮತ್ತು ಘಟಪ್ರಭೆ. ಕೃಷ್ಣಾ ಅಂದರೆ ಊರಲ್ಲಿ ಹತ್ತು ಜನ ತಿರುಗಿ ನೋಡುತ್ತಾರೆ. ಘಟಪ್ರಭಾ ಚೆಂದ, ಆದರೆ ಕೂಗಲು ಉದ್ದ.

ಕೂಗುವ ಮಾತು ಇಲ್ಲಿ ಬಹಳ ಮುಖ್ಯ. ಸಮುದ್ರದಲ್ಲಿ ಅಪಾಯ ಬಂದಾಗ ರೇಡಿಯೋದಲ್ಲಿ ಮೇಡೇ ಅಂತ ಮೂರು ಸಲ ಹೇಳಿ, ಆಮೇಲೆ ದೋಣಿಯ ಹೆಸರನ್ನೂ ಮೂರು ಸಲ ಹೇಳಬೇಕು. ಗದ್ದಲದಲ್ಲೂ ತಪ್ಪಿಲ್ಲದೆ ಕೇಳುವ ಹೆಸರು ಬೇಕು ಅಂತ ಅನುಭವಿಗಳು ಹೇಳುವುದು ಅದಕ್ಕೇ. ನಮ್ಮ ಹಿನ್ನೀರಲ್ಲಿ ರೇಡಿಯೋ ಇಲ್ಲ. ಬಲೆ ಬಿಟ್ಟ ಮೀನುಗಾರರು ಬಾಯಿಂದಲೇ ಕೂಗಿ ಎಚ್ಚರಿಸುತ್ತಾರೆ. ಹೆಸರು ಗೊತ್ತಿಲ್ಲದಿದ್ದರೆ "ಏ ನೀಲಿ ಪಟದವ್ನೇ" ಅನ್ನುತ್ತಾರೆ. ಹಾಗಾಗಿ ಮಗನನ್ನು ದಡದಲ್ಲಿ ನಿಲ್ಲಿಸಿ, ನಾನು ನೀರಿನ ಮೇಲಿಂದ ಪಟ್ಟಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಕೂಗಿದೆ. ಕೇಳಿಸಿದ್ದನ್ನು ಅವನು ಬರೆದುಕೊಂಡ. ಎದುರುಗಾಳಿಗೆ ಗಿಡ್ಡ ಸ್ವರದ ಹೆಸರುಗಳು ಹಾರಿಹೋಗುತ್ತವೆ. ದೀರ್ಘ ಇರುವ, ಎರಡು ಮೂರು ಅಕ್ಷರದ ಹೆಸರುಗಳು ಉಳಿಯುತ್ತವೆ. ಹೆಸರು ಹುಡುಕುವವರಿಗೆಲ್ಲ ಈ ಪರೀಕ್ಷೆ ಮಾಡಿ ಅಂತ ನಾನು ಹೇಳುತ್ತೇನೆ.

ಕೊನೆಗೆ ಹೆಸರು ಸಿಕ್ಕಿದ್ದು ಅಪ್ಪನ ಬಾಯಲ್ಲಿ. ಅಪ್ಪ ರೈತ. ಹೆಸರು ಮಳೆಗಳದ್ದೇ ಇಡಬಾರದಾ ಅಂದರು. ರೋಹಿಣಿ, ಆರಿದ್ರಾ, ಮಘಾ, ಹಸ್ತಾ, ಚಿತ್ತಾ, ಸ್ವಾತಿ. ಸ್ವಾತಿ ಅಂದ ಕೂಡಲೇ ನಾನು ಅಲ್ಲೇ ನಿಂತೆ. ಸ್ವಾತಿ ಮಳೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ಬರುತ್ತದೆ. ಯರಿ ಹೊಲದ ಹಿಂಗಾರಿ ಜೋಳಕ್ಕೆ ಬೇಕಾದ ಮಳೆ. ಅದೇ ಹೊತ್ತಿಗೆ ಸಾಮಾನ್ಯವಾಗಿ ಜಲಾಶಯವೂ ತುಂಬಿರುತ್ತದೆ. ಮುಳುಗಡೆಯಾದ ಹೊಲ, ಹಾದಿಗಳ ಕಲ್ಲು, ಮರದ ಬೊಡ್ಡೆ ಆಳಕ್ಕೆ ಹೋಗಿ ಸೆಂಟರ್‌ಬೋರ್ಡ್‌ಗೆ ಬಡಿಯುವುದಿಲ್ಲ. ಮಳೆಗಾಲದ ಬಿರುಗಾಳಿ ಇಳಿದು, ಹಿಡಿತಕ್ಕೆ ಸಿಗುವ ಗಾಳಿ ಇರುತ್ತದೆ. ನಾವು ಜಾಸ್ತಿ ಹಾಯಿ ಬಿಡುವುದೂ ಆಗಲೇ.

ಇನ್ನೂ ಇದೆ. ಸ್ವಾತಿ ನಕ್ಷತ್ರದ ದೇವತೆ ವಾಯು. ಹಾಯಿದೋಣಿಗೆ ಬೇರೇನು ಬೇಕು? ಮೇ ತಿಂಗಳ ರಾತ್ರಿ ಹತ್ತರ ಹೊತ್ತಿಗೆ ಸಪ್ತರ್ಷಿಗಳ ಬಾಲದ ಬಾಗು ಹಿಡಿದು ಮುಂದೆ ಹೋದರೆ ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ಇದೇ ನಕ್ಷತ್ರ. ಹವಾಯಿಯಲ್ಲೂ ಸ್ವಾತಿ ನೆತ್ತಿಯ ಮೇಲೇ ಹಾದು ಹೋಗುತ್ತದೆ. ಅಲ್ಲಿನವರು ಅದನ್ನು ಹೋಕುಲೇಅ ಅನ್ನುತ್ತಾರೆ. ತಮ್ಮ ಜೋಡಿ ಒಡಲಿನ ಹಾಯಿದೋಣಿಗೂ ಅದೇ ಹೆಸರಿಟ್ಟು, 1976ರಲ್ಲಿ ದಿಕ್ಸೂಚಿ ಇಲ್ಲದೆ, ನಕ್ಷತ್ರ ಮತ್ತು ಅಲೆ ನೋಡಿಕೊಂಡೇ ಟಹೀಟಿ ತಲುಪಿದರು. ದಾರಿ ತೋರಿಸಿದವರು ಮೌ ಪಿಯಾಯಿಲುಗ್. ಅಪ್ಪನ ಮಳೆ ಲೆಕ್ಕದ ನಕ್ಷತ್ರವೂ ಅವರ ದಾರಿಯ ನಕ್ಷತ್ರವೂ ಒಂದೇ ಅಂತ ತಿಳಿದ ಮೇಲೆ ಬೇರೆ ಹೆಸರಿನ ಕಡೆ ಮನಸ್ಸು ಹೋಗಲಿಲ್ಲ. ದಡದ ಪರೀಕ್ಷೆಯನ್ನು ಮತ್ತೆ ಮಾಡಿದಾಗಲೂ ಸ್ವಾತಿ ಸ್ಪಷ್ಟವಾಗಿ ಕೇಳಿತು.

ಹೊಸ ಹೆಸರು ಬರೆಯುವ ಮೊದಲು ಹಳೆಯದು ಪೂರ್ತಿ ಹೋಗಬೇಕು. ಪ್ರತಿ ದೋಣಿಯ ಹೆಸರೂ ಸಮುದ್ರದೇವ ಪೊಸೈಡನ್‌ನ ಪುಸ್ತಕದಲ್ಲಿರುತ್ತದೆ, ಅಳಿಸದೆ ಬದಲಿಸಿದರೆ ಅವನಿಗೆ ಸಿಟ್ಟು ಅಂತ ಪಶ್ಚಿಮದ ನಾವಿಕರ ನಂಬಿಕೆ. ನಂಬದವರಿಗೂ ಇದರಲ್ಲಿ ಉಪಯೋಗವಿದೆ. ಲೈಫ್ ಜಾಕೆಟ್ ಮೇಲೊಂದು ಹೆಸರು, ದೋಣಿ ಮೇಲೊಂದು ಹೆಸರು ಇದ್ದರೆ ಹುಡುಕಲು ಬಂದವರು ಎರಡು ದೋಣಿ ಅಂದುಕೊಳ್ಳುತ್ತಾರೆ. ಹಾಯಿಯ ಚೀಲ, ಹುಟ್ಟು, ಬೀಗದ ಕೀ ಎಲ್ಲ ತಡಕಿ ನೋಡಿದೆ. ಹಾಯಿಯ ಮೇಲಿನ ಸಂಖ್ಯೆಯನ್ನು ಮಾತ್ರ ಮುಟ್ಟಬಾರದು. ಅದು ದೋಣಿಯ ಜೊತೆಗೇ ಬಂದದ್ದು, ಜೊತೆಗೇ ಇರುತ್ತದೆ.

ಅಂಟಿಸಿದ ಅಕ್ಷರಗಳಿಗೆ ಹೇರ್ ಡ್ರೈಯರ್ ಬಿಸಿ ಕೊಟ್ಟು ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನ ಎಬ್ಬಿಸಿದೆ. ಉಳಿದ ಅಂಟು ಸೀಮೆಎಣ್ಣೆಗೆ ಬಿಟ್ಟಿತು. ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿದ್ದರಿಂದ ಅಕ್ಷರಗಳ ನೆರಳು ಹಾಗೇ ಕಾಣುತ್ತಿತ್ತು. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಮೇಣ ಹಚ್ಚಿದೆ.

ಈ ದೋಣಿಯ ಚುಕ್ಕಾಣಿ ಹಿಂಬದಿಯ ನಡುವೆಯೇ ತೂಗುತ್ತದೆ. ಅಲ್ಲಿ ಬರೆದರೆ ಹೆಸರಿನ ಮಧ್ಯಭಾಗ ಮುಚ್ಚಿಹೋಗುತ್ತದೆ. ಅದಕ್ಕೆ ಎರಡೂ ಪಕ್ಕದಲ್ಲಿ, ಹಿಂಭಾಗಕ್ಕೆ ಹತ್ತಿರ ಬರೆಸಿದೆ. ನವನಗರದ ರೇಡಿಯಂ ಅಂಗಡಿಯಲ್ಲಿ ಮೊದಲು ಅಕ್ಷರ ಕತ್ತರಿಸಿದ್ದೆ. ಸ ಕಾರದ ಕೆಳಗಿನ ವ ಒತ್ತು ತೆಳ್ಳಗಿತ್ತು, ನೀರಿಗೆ ಮೊದಲು ಅದೇ ಎದ್ದಿತು. ಕನ್ನಡದಲ್ಲಿ ಹೆಸರು ಬರೆಸುವವರು ಒತ್ತಕ್ಷರವನ್ನು ದಪ್ಪ ಮಾಡಿಸಿ.

ಹೆಸರಿಡುವ ದಿನ ಅವ್ವ ಗುಳೇದಗುಡ್ಡ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಇಟ್ಟು ದೋಣಿಗೆ ಉಡಿ ತುಂಬಿದಳು. ಗಂಗೆಗೂ ಪೂಜೆ ಆಯಿತು. ತೆಂಗಿನಕಾಯಿಯನ್ನು ದಡದ ಕಲ್ಲಿಗೆ ಒಡೆದೆವು. ಫೈಬರ್ ಮೈಗೆ ಹೊಡೆದರೆ ಬಿರುಕು ಬಿಡುತ್ತದೆ. ನಮ್ಮಲ್ಲಿ ಕೂಸಿಗೆ ಹೆಸರಿಡುವುದು ಸೋದರತ್ತೆ ಅಲ್ವಾ? ಅಕ್ಕನೇ ಬಗ್ಗಿ ದೋಣಿಯ ಮೂತಿಗೆ ಕುರ್ರ್ ಅಂತ ಹೇಳಿ ಸ್ವಾತಿ ಅಂದಳು. ಹಿಂದಿನಿಂದ ಮಕ್ಕಳು ಅವಳ ಬೆನ್ನಿಗೆ ಗುದ್ದಿದರು. ಆಮೇಲೆ ಪೇಂಟರ್ ಒಬ್ಬರನ್ನು ಕರೆಸಿ, ರೇಡಿಯಂ ತೆಗೆಸಿ, ಎನಾಮಲ್ ಬಣ್ಣದಲ್ಲಿ ಕೈಯಿಂದಲೇ ಬರೆಸಿದೆ. ನೀಲಿ ಹಾಯಿಗೆ ಹೊಂದುವ ಹಳದಿ. ದೂರದಿಂದ ಓದಲು ಬರುತ್ತದೆ.